ಹೋಲಿಕೆಯ ನ್ಯಾಯ

ಎರಡು ವಸ್ತುಗಳನ್ನು ಮುಂದಿಟ್ಟುಕೊಂಡು ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಾಗೆ ಕೇಳುತ್ತಾನೆ. ಮದುವೆಗೆ ಸೀರೆ ಆರಿಸುವವಳು ಹಾಗೆ ಕೇಳುತ್ತಾಳೆ. ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ಕುಳಿತ ಉಪಾಧ್ಯಾಯನಂತೂ ಬೇರೇನನ್ನೂ ಕೇಳುವುದಿಲ್ಲ. ಈ ಕೊನೆಯ ಕಸುಬಿನಲ್ಲಿ ಮೂವತ್ತೈದು ವರ್ಷ ಕಳೆದ ನಾನು, ಹೋಲಿಸುವ ವಿದ್ಯೆ ನನಗೆ ಬರುತ್ತದೆಂದೇ ನಂಬಿದ್ದೆ. ನಿವೃತ್ತನಾಗಿ ಬಹುಕಾಲ ಕಳೆದ ಮೇಲೆ ಮೂರು ಹಾರ್ಮೋನಿಯಂ ಪೆಟ್ಟಿಗೆಗಳು ಆ ನಂಬಿಕೆಯನ್ನು ಅಲುಗಿಸಿದವು. ಆ ಕಥೆಯನ್ನೂ, ಅದರಿಂದ ಹುಟ್ಟಿದ ಒಂದು ಸಂದೇಹವನ್ನೂ ಉಪಾಧ್ಯಾಯ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ತಳಿಯ ಆಸುಪಾಸಿನ ನಮ್ಮ ಹಳ್ಳಿಯಲ್ಲಿ ಒಂದು ಭಜನೆಮನೆಯಿದೆ. ಅದರ ಹೆಂಚಿನ ಸೂರು ಸೋರುತ್ತಿತ್ತು. ಎರಡು ತೊಲೆಗಳನ್ನು ಗೆದ್ದಲು ತಿಂದಿತ್ತು. ಮುಂಗಾರಿಗೆ ಮೊದಲು ದುರಸ್ತಿಯಾಗಬೇಕು, ಕೈಯಲ್ಲಿ ಹಣವಿಲ್ಲ. ಆ ಹೊತ್ತಿಗೆ ಬೆಂಗಳೂರಿನಿಂದ ಒಬ್ಬರು ಬಂದು, ಮೂಲೆಯಲ್ಲಿ ಗೋಣಿ ಹೊದ್ದು ನಿಂತಿದ್ದ ಹಳೆಯ ಕಾಲುಪೆಟ್ಟಿಗೆಯನ್ನು ಕಂಡು, ನಾವು ಕನಸಿನಲ್ಲಿಯೂ ನೆನೆಯದ ಬೆಲೆಯನ್ನು ಹೇಳಿದರು. ಭಜನೆಮನೆಯಲ್ಲಿದ್ದ ಪೆಟ್ಟಿಗೆಗಳು ಒಟ್ಟು ಮೂರು. ಮೂರನ್ನೂ ಪರೀಕ್ಷಿಸಿ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೊಟ್ಟರೆ ನಷ್ಟವಿಲ್ಲ ಎಂದು ತಿಳಿಸುವ ಕೆಲಸ, ಸಂಗೀತದಲ್ಲಿ ಅಷ್ಟಿಷ್ಟು ಕಿವಿಯಿರುವವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ನಾನು ಮಾಡಿದ್ದು ಮೇಷ್ಟರ ಕೆಲಸವನ್ನೇ. ಒಂದು ಹಾಳೆಯಲ್ಲಿ ಗೆರೆ ಎಳೆದು ನಾದ, ಶ್ರುತಿಶುದ್ಧಿ, ಗಾಳಿಯ ಹಿಡಿತ, ಮನೆಗಳ ಹಗುರ, ಮರದ ಕೆಲಸ, ನೋಟ ಎಂದು ಆರು ವಿಷಯಗಳನ್ನು ಬರೆದೆ. ಒಂದೊಂದಕ್ಕೆ ಹತ್ತು ಅಂಕ. ಫಲಿತಾಂಶ ಹೇಳುವ ಮುನ್ನ ಆ ಮೂವರು ಅಭ್ಯರ್ಥಿಗಳ ಪರಿಚಯ ಮಾಡಿಕೊಡಬೇಕು.

ಮೊದಲನೆಯದು ಕಾಲುಪೆಟ್ಟಿಗೆ. ಕೆಳಗೆ ಎರಡು ಮೆಟ್ಟುಹಲಗೆಗಳು. ಕುರ್ಚಿಯ ಮೇಲೆ ಕುಳಿತು ಎರಡೂ ಕಾಲುಗಳಿಂದ ತಿದಿಯೊತ್ತುತ್ತ, ಎರಡೂ ಕೈಗಳಿಂದ ನುಡಿಸುವಂಥದು. ರೀಡುಗಳು ಪ್ಯಾರಿಸ್ಸಿನವೆಂದು ಹಿರಿಯರು ಹೇಳುತ್ತಿದ್ದರು. ತಿದಿಯ ತೊಗಲು ಮಡಿಕೆಗಳಲ್ಲಿ ಸೀಳಿತ್ತು, ಎರಡು ಮನೆಗಳು ಮೂಕವಾಗಿದ್ದವು. ಎತ್ತಲು ಇಬ್ಬರು ಬೇಕು. ಎರಡನೆಯದು ಊರಿನ ದಾನಿಯೊಬ್ಬರು 1990ರ ದಶಕದಲ್ಲಿ ಕೊಡಿಸಿದ ಕೈಪೆಟ್ಟಿಗೆ. ಬಾಸ್, ಮೇಲ್, ಫೀಮೇಲ್ ಎಂದು ಮೂರು ಸಾಲು ರೀಡು. ಒಂದು ಮನೆ ಒತ್ತಿದರೆ ಅದರ ಅಷ್ಟಮ ಸ್ವರದ ಮನೆಯೂ ತಾನಾಗಿ ಇಳಿಯುವ ಕಪ್ಲರ್. ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಬೆರಳು ಬದಲಿಸದೆ ಶ್ರುತಿ ಬದಲಿಸಬಹುದಾದ ಸ್ಕೇಲ್ ಚೇಂಜರ್. ಕನ್ನಡಿಯಂಥ ಮೆರುಗು. ಮೂರನೆಯದು ಒಂದೇ ಸಾಲು ರೀಡಿನ ಸಣ್ಣ ಪೆಟ್ಟಿಗೆ. ಮಾಡಿದವರ ಹೆಸರಿಲ್ಲ. ಮುಂದುಗಡೆ ಏಳು ಗುಬ್ಬಿಗಳಿವೆ; ಅವುಗಳಲ್ಲಿ ನಾಲ್ಕು ಬರಿಯ ಶೃಂಗಾರ, ಎಳೆದರೂ ಒಳಗೆ ಏನೂ ಅಲುಗುವುದಿಲ್ಲ. ಶನಿವಾರದ ಹೆಂಗಸರ ಭಜನೆಗೆ ಇದು ಬರುತ್ತದೆ.

ಅರವತ್ತಕ್ಕೆ ನಲವತ್ತೊಂಬತ್ತು ಅಂಕ ಪಡೆದು ಮೆರುಗಿನ ಪೆಟ್ಟಿಗೆ ಮೊದಲನೆಯದಾಯಿತು. ಹರಕು ತಿದಿಯ ದೆಸೆಯಿಂದ ಕಾಲುಪೆಟ್ಟಿಗೆ ಮೂವತ್ತನಾಲ್ಕಕ್ಕೆ ಇಳಿಯಿತು. ಸಣ್ಣದಕ್ಕೆ ಇಪ್ಪತ್ತೆಂಟು. ಅದು ನಪಾಸಾಗಲಿಲ್ಲವೆಂಬುದು ನನ್ನ ಔದಾರ್ಯ. ತೀರ್ಪು ಸ್ಪಷ್ಟವಾಗಿತ್ತು: ಕಾಲುಪೆಟ್ಟಿಗೆಯನ್ನು ಮಾರಿ ಸೂರು ಹೊದಿಸುವುದು, ಮೆರುಗಿನದನ್ನು ಉಳಿಸಿಕೊಳ್ಳುವುದು, ಸಣ್ಣದು ಇದ್ದರೂ ಸರಿ ಹೋದರೂ ಸರಿ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ರಾತ್ರಿ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ಸುಮಾರು ಐವತ್ತೈದು ವರ್ಷ ಹಿಂದಿನದು.

ಆಗ ನಮ್ಮ ಊರಿನಲ್ಲಿ ಇಬ್ಬರು ಮೇಷ್ಟರು. ಒಬ್ಬ ನಾನು, ಇನ್ನೊಬ್ಬರು ಹಾರ್ಮೋನಿಯಂ ಮೇಷ್ಟರು. ಬರಿದೆ 'ಮೇಷ್ಟ್ರು' ಎಂದರೆ ಜನ ಅವರೆಂದೇ ತಿಳಿಯುತ್ತಿದ್ದರು. ನನ್ನನ್ನು ಹೇಳಬೇಕಾದರೆ 'ಇಸ್ಕೂಲು' ಎಂಬ ವಿಶೇಷಣ ಸೇರಿಸಬೇಕಾಗಿತ್ತು. ಇದು ನನಗೆ ಆಗ ಅಷ್ಟಾಗಿ ಹಿಡಿಸುತ್ತಿರಲಿಲ್ಲವೆಂದು ಈಗ ಒಪ್ಪಿಕೊಳ್ಳಬಹುದು. ಆನೇಕಲ್ಲಿನಿಂದ ಡೆಂಕಣಿಕೋಟೆಯವರೆಗೆ ಈ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವುದೆಂದರೆ ಏನೆಂದು ಬಲ್ಲವರಿಗೆ ಆ ಮೇಷ್ಟರ ಸ್ಥಾನವನ್ನು ವಿವರಿಸಬೇಕಾಗಿಲ್ಲ. ಅವರು ಪೆಟ್ಟಿಗೆ ನುಡಿಸುವವರಷ್ಟೇ ಅಲ್ಲ; ಪಾತ್ರ ಹಂಚುವವರು, ಮಾತು ತಿದ್ದುವವರು, ಓದುಬರಹವಿಲ್ಲದ ರೈತನ ಬಾಯಲ್ಲಿ ಕಂದಪದ್ಯ ಕೂರಿಸುವವರು. ಒಂದೇ ನಾಟಕದಲ್ಲಿ ಮಾತು ಕನ್ನಡ, ನಡುವೆ ತೆಲುಗು ಪದ್ಯ, ಹಾಸ್ಯಗಾರನ ಬಾಯಲ್ಲಿ ತಮಿಳು. ಮೂರೂ ಅವರಿಗೆ ಬರುತ್ತಿದ್ದವು.

ಮೂರು ತಿಂಗಳು ಹಗಲೆಲ್ಲ ರಾಗಿ ಹೊಲದಲ್ಲಿ ಗೇದು ರಾತ್ರಿ ಅಭ್ಯಾಸಕ್ಕೆ ಬರುವ ಭೀಮನಿಗೆ ಶ್ರುತಿಯೆಂದರೆ ಏನೆಂದು ತಿಳಿಯದು. ಮೇಷ್ಟರು ಅವನ ಕಂಠ ಎಲ್ಲಿ ನಿಲ್ಲುತ್ತದೆಂದು ನೋಡಿ, ಆ ಮನೆಯಿಂದ ಷಡ್ಜ ಹಿಡಿಯುವರು. ತಮಿಳರಂತೆ ನಾವೂ ಇದನ್ನು ಕಟ್ಟೆ ಎನ್ನುತ್ತೇವೆ. ಭೀಮನಿಗೆ ಒಂದು ಕಟ್ಟೆ, ದ್ರೌಪದಿಯ ವೇಷ ಹಾಕುವ ಹುಡುಗನಿಗೆ ಐದು ಕಟ್ಟೆ. ಪಾತ್ರ ಬದಲಾದಂತೆಲ್ಲ ಅವರ ಬೆರಳುಗಳು ಹೊಸ ಷಡ್ಜಕ್ಕೆ ತಮ್ಮ ಸಂಸಾರವನ್ನೆಲ್ಲ ಸಾಗಿಸಬೇಕು. ಅವರಿಗೆ ಸ್ಕೇಲ್ ಚೇಂಜರ್ ಇರಲಿಲ್ಲ; ಅದು ಅವರ ಬೆರಳುಗಳಲ್ಲೇ ಇತ್ತು. ಪ್ರದರ್ಶನದ ರಾತ್ರಿ ಬಯಲಿನಲ್ಲಿ ಗ್ಯಾಸ್ ಲೈಟಿನ ಕೆಳಗೆ ಎರಡು ಸಾವಿರ ಜನ. ಧ್ವನಿವರ್ಧಕ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಸೀಮೆಯ ಚಳಿ ವಾಚಕರಿಗೆ ಗೊತ್ತಿದೆ. ನಡುರಾತ್ರಿಯ ಮಂಜಿಗೆ ಪಿಟೀಲಿನ ತಂತಿ ಇಳಿಯುತ್ತದೆ, ಮೃದಂಗದ ತೊಗಲು ಸಡಿಲುತ್ತದೆ, ನಟನ ಕಂಠ ಕಟ್ಟುತ್ತದೆ. ಹಿತ್ತಾಳೆಯ ನಾಲಗೆ ಮಾತ್ರ ಸಂಜೆ ನುಡಿದಂತೆಯೇ ಬೆಳಗಿನ ಕೋಳಿ ಕೂಗುವವರೆಗೆ ನುಡಿಯುತ್ತದೆ.

ನಾನು ಉಪಾಧ್ಯಾಯನಾಗಿ ಸೇರಿದ್ದು 1969ರಲ್ಲಿ. ನಮ್ಮ ಸೀಮೆ ಆಗ ಸೇಲಂ ಜಿಲ್ಲೆಯಿಂದ ಬೇರೆಯಾದ ಧರ್ಮಪುರಿಗೆ ಸೇರಿತ್ತು. ತರಬೇತಿ ಮುಗಿಸಿಕೊಂಡು ಬಂದ ಹೊಸದು, ಮನೆಯಲ್ಲೊಂದು ರೇಡಿಯೋ, ರಾತ್ರಿ ಬೆಂಗಳೂರು ನಿಲಯದ ಕಚೇರಿ ಕೇಳಿ ಬೆಳಗ್ಗೆ ಅದರ ವಿಮರ್ಶೆ ಮಾಡುವ ಹುಮ್ಮಸ್ಸು. ಒಂದು ಸಂಜೆ ಶಾಲೆಯ ಜಗುಲಿಯಲ್ಲಿ ನಾಟಕದ ಅಭ್ಯಾಸ ನಡೆಯುತ್ತಿತ್ತು. ಹುಡುಗರು ಸುತ್ತ ನೆರೆದಿದ್ದರು. ನಾನು ನಗುತ್ತಲೇ ಹೇಳಿದೆ: "ಮೇಷ್ಟರೇ, ನಿಮ್ಮ ಪೆಟ್ಟಿಗೆಯನ್ನು ರೇಡಿಯೋದವರು ಬಾಗಿಲೊಳಕ್ಕೇ ಬಿಡುವುದಿಲ್ಲವಂತಲ್ಲ!"

ಹುಡುಗರು ನಕ್ಕರು. ಮೇಷ್ಟರು ತಲೆಯೆತ್ತಲಿಲ್ಲ. "ಅವರ ಬಾಗಿಲಿಗೆ ನಾನು ಹೋಗಿಲ್ಲ ಬಿಡಿ ಸ್ವಾಮಿ. ನಮ್ಮ ಭೀಮನಿಗೆ ಶ್ರುತಿ ಹಿಡಿಸೋದಕ್ಕೆ ಅವರೇನು ಬರ್ತಾರಾ?" ಎಂದು ಹೇಳಿ, ಹೆಗಲ ಮೇಲಿನ ವಸ್ತ್ರದಿಂದ ಮನೆಗಳನ್ನು ಒರಸಿ, ಮುಚ್ಚಳ ಹಾಕಿದರು. ಮಾರನೆಯ ದಿನದಿಂದ ಅಭ್ಯಾಸ ಯಾರದೋ ಕಣಕ್ಕೆ ಹೋಯಿತು. ಶಾಲೆಯ ಜಗುಲಿಗೆ ಅವರು ಮತ್ತೆ ಬರಲಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಕಾಶವಾಣಿ 1940ರ ಮಾರ್ಚ್ ತಿಂಗಳಿನಿಂದ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತ್ತು. ಆಗ ಅದರ ಮುಖ್ಯಾಧಿಕಾರಿ ಲಯನೆಲ್ ಫೀಲ್ಡನ್ ಎಂಬ ಆಂಗ್ಲರು. ಅಲ್ಲಿಯೇ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಈ ವಾದ್ಯ ಭಾರತೀಯ ಸಂಗೀತಕ್ಕೆ ಅಪಾಯವೆಂದು ಮೊದಲೇ ಬರೆದಿದ್ದರು. ರವೀಂದ್ರನಾಥ ಠಾಕೂರರು ಸಹ ಇದನ್ನು ಕಲ್ಕತ್ತೆಯ ನಿಲಯದಿಂದ ಹೊರಗಿಡಬೇಕೆಂದು ಕಾಗದ ಬರೆದಿದ್ದರು. ಆಂಗ್ಲರು ಹೋದರು, ಬಹಿಷ್ಕಾರ ಉಳಿಯಿತು. 1971ರಲ್ಲಿ ಮಾತ್ರ, ಅದೂ ನಿಯಮಗಳಿಗೆ ಒಳಪಟ್ಟು, ಪಕ್ಕವಾದ್ಯವಾಗಿ ಅದಕ್ಕೆ ಪ್ರವೇಶ ದೊರೆಯಿತು. ಆ ಸುದ್ದಿ ನನಗೆ ತಿಳಿಯಿತು. ಮೇಷ್ಟರ ಮನೆ ನನ್ನ ಮನೆಯಿಂದ ನೂರು ಹೆಜ್ಜೆ. ನಾನು ಹೋಗಿ ಹೇಳಲಿಲ್ಲ. ಹೇಳಬೇಕೆಂದು ತೋಚಲಿಲ್ಲವೆಂದರೆ ಅದು ಸುಳ್ಳಾದೀತು, ತೋಚಿತು, ಹೇಳಲಿಲ್ಲ. ಅವರು ಅದಾದ ಮೇಲೆ ಎಷ್ಟೋ ವರ್ಷ ಬದುಕಿದ್ದರು. ಕೊನೆಗೆ ಪೆಟ್ಟಿಗೆಯನ್ನು ಭಜನೆಮನೆಗೆ ಒಪ್ಪಿಸಿ ಹೋದರು.

ಹೀಗೆ, ಅಂಕಪಟ್ಟಿ ಬರೆದ ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಇದು: ಒಂದು ವಸ್ತು ಕೀಳೆಂದು ಹೇಳುವಾಗ ನಾವು ಏನನ್ನು ಹೇಳುತ್ತಿದ್ದೇವೆ? ಆ ವಸ್ತುವಿನಲ್ಲಿರುವುದನ್ನೇ, ಅಥವಾ ನಮ್ಮಲ್ಲಿರುವುದನ್ನೇ?

ಬಹಿಷ್ಕಾರ ಹಾಕಿದವರು ಮೂಢರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಆಕ್ಷೇಪಣೆಯನ್ನು ಲೆಕ್ಕ ಬಲ್ಲ ಏಳನೆಯ ತರಗತಿಯ ಹುಡುಗನೂ ಪರೀಕ್ಷಿಸಬಹುದು. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳಿರಲಿ. ತಂಬೂರಿಯ ನಾದದಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 300. ಹಾರ್ಮೋನಿಯಂನಲ್ಲಿ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ ಹನ್ನೆರಡು ಸಮ ಪಾಲು ಮಾಡಿರುವುದರಿಂದ ಅದೇ ಗಾಂಧಾರ 302.4ರ ಸಮೀಪ ಬರುತ್ತದೆ. ಪಂಚಮ 360 ಆಗಬೇಕಾದುದು 359.6, ಇದನ್ನು ಕಿವಿ ಕ್ಷಮಿಸುತ್ತದೆ. ಗಾಂಧಾರವನ್ನು ಕ್ಷಮಿಸುವುದು ಕಷ್ಟ. ಷಡ್ಜ ಗಾಂಧಾರಗಳನ್ನು ಕೂಡಿಸಿ ಒತ್ತಿ ಹಿಡಿದರೆ ಷಡ್ಜದ ಐದನೆಯ ಮೇಲ್ಸ್ವರ 1200ಕ್ಕೂ, ಗಾಂಧಾರದ ನಾಲ್ಕನೆಯದು 1209ರ ಆಚೆಗೂ ನಿಂತು, ಸೆಕೆಂಡಿಗೆ ಒಂಬತ್ತು ಹತ್ತು ಸಲ ನಾದ ತುಯ್ದಾಡುತ್ತದೆ. ಇಷ್ಟೇ ಅಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಇಲ್ಲಿ ಅಸಾಧ್ಯ. ಹಿತ್ತಾಳೆಯ ನಾಲಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಆದರೆ ನುಡಿಸುವಾಗ ಅದು ಒಂದು ಕೂದಲಷ್ಟೂ ಕದಲದು. ತೋಡಿಯ ಗಾಂಧಾರವನ್ನು ಇದರಲ್ಲಿ ಹುಡುಕುವವನು ಮರಳುಗಾಡಿನಲ್ಲಿ ಕೆರೆ ಹುಡುಕುವವನು. ಈ ಪೆಟ್ಟಿಗೆಯ ಪಕ್ಕದಲ್ಲೇ ಬೆಳೆದ ಕಂಠಗಳು ಗಮಕವನ್ನು ಕಳೆದುಕೊಂಡು ಮೆಟ್ಟಿಲು ಹತ್ತಿದಂತೆ ಹಾಡುವುದನ್ನು ನಾನೂ ಕೇಳಿದ್ದೇನೆ. ದೂರು ನಿಜ.

ದೂರು ನಿಜವಾದರೂ ತೀರ್ಪು ಸರಿಯಾಗಬೇಕೆಂದಿಲ್ಲ. ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಒಂದು ಅಭಾವ, ಇನ್ನೊಂದು ದೋಷ. ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ವೈಶೇಷಿಕರ ನಾಡಿನಲ್ಲಿ ಈ ಭೇದವನ್ನು ನಾವು ಮರೆಯಬಾರದಿತ್ತು. ಎತ್ತಿಗೆ ರೆಕ್ಕೆಯಿಲ್ಲದಿರುವುದು ಅಭಾವ. ಎತ್ತು ಕುಂಟುವುದು ದೋಷ. ತಾನು ಮಾಡುವೆನೆಂದು ಒಪ್ಪಿಕೊಂಡ ಕೆಲಸವನ್ನು ಮಾಡದಿದ್ದಾಗ ಮಾತ್ರ ವಸ್ತುವಿಗೆ ದೋಷ ಬರುತ್ತದೆ. ಭೀಮನಿಗೆ ಶ್ರುತಿ ಹಿಡಿಸುವೆನೆಂದು ಒಪ್ಪಿಕೊಂಡ ಪೆಟ್ಟಿಗೆ ತೋಡಿಯ ಗಾಂಧಾರ ಕೊಡಲಿಲ್ಲವೆಂದು ಅದಕ್ಕೆ ಶಿಕ್ಷೆ ವಿಧಿಸುವುದು, ಕನ್ನಡದ ಪರೀಕ್ಷೆ ಬರೆದ ಹುಡುಗನನ್ನು ಗಣಿತದಲ್ಲಿ ನಪಾಸು ಮಾಡಿದಂತೆ.

ಪರದೇಶದಿಂದ ಬಂದದ್ದೆಂಬುದು ಇನ್ನೊಂದು ಆಕ್ಷೇಪಣೆ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಗ್ಸಾಂಡರ್ ದೆಬ್ಯಾಂ ಇದಕ್ಕೆ ಹಾರ್ಮೋನಿಯಂ ಎಂದು ಹೆಸರಿಟ್ಟು ಹಕ್ಕು ಪಡೆದರು. ಪಾದ್ರಿಗಳ ಸಂಗಡ ಅದು ಭಾರತಕ್ಕೆ ಬಂತು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲುಗಳನ್ನು ತೆಗೆದು ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಗಿ ಅದನ್ನು ಮಾರ್ಪಡಿಸಿದರು. ಇಂದು ಅದರ ರೀಡುಗಳು ಗುಜರಾತಿನ ಪಾಲಿತಾಣಾದಲ್ಲಿ ತಯಾರಾಗುತ್ತವೆ. ಇಷ್ಟಾದರೂ ಅದು ಪರದೇಶಿಯಾದರೆ ಪಿಟೀಲು ಏನು? ಬಾಲುಸ್ವಾಮಿ ದೀಕ್ಷಿತರು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದನ್ನು ಕೈಗೆತ್ತಿಕೊಂಡರು. ಇಂದು ಅದಿಲ್ಲದೆ ಕಚೇರಿಯಿಲ್ಲ. ಪಿಟೀಲು ಗಮಕ ಕೊಟ್ಟಿತು, ಆದ್ದರಿಂದ ಅದರ ಹುಟ್ಟೂರನ್ನು ಯಾರೂ ಕೇಳಲಿಲ್ಲ. ವೀಣೆಯ ಮೆಟ್ಟಿಲುಗಳೂ ಮೇಣದಲ್ಲಿ ನೆಟ್ಟ ಸ್ಥಿರವಾದ ಮೆಟ್ಟಿಲುಗಳೇ. ತಂತಿಯನ್ನು ಎಳೆಯಬಹುದಾದ್ದರಿಂದ ಅದು ಪಾರಾಯಿತು. ಪಾಲಕೊಲ್ಲಿನ ಯು. ಶ್ರೀನಿವಾಸ್ ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಬಂದ ಬಾಲಕನಾಗಿದ್ದಾಗ ಹುಬ್ಬೇರಿಸಿದವರು ಕೆಲವೇ ವರ್ಷಗಳಲ್ಲಿ ಕೈಮುಗಿದರು. ಹೀಗಾಗಿ ಪರದೇಶಿಯೆಂಬ ಮಾತು ಕಾರಣವಲ್ಲ, ಕಾರಣಕ್ಕೆ ತೊಡಿಸಿದ ಅಂಗಿ. ಶ್ರುತಿಯ ದೋಷವನ್ನು ತಿದ್ದಲು ಕಳೆದ ಶತಮಾನದ ಎರಡನೆಯ ದಶಕದಲ್ಲೇ ಸಾಂಗಲಿಯ ಕೆ. ಬಿ. ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಸೇರಿ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಮಾಡಿಸಿದರು. 1916ರ ಬರೋಡದ ಸಂಗೀತ ಸಮ್ಮೇಳನದಲ್ಲಿ ಅದನ್ನು ತೋರಿಸಿದಾಗ ಪಂಡಿತರು ಒಪ್ಪಲಿಲ್ಲ. ಅಂಥದು ಭಜನೆಮನೆಗೆ ಎಂದೂ ಬರಲಿಲ್ಲವೆಂಬುದನ್ನು ನಾನು ಸೇರಿಸುತ್ತೇನೆ. ನಮ್ಮ ಭೀಮನಿಗೆ ಹನ್ನೆರಡೇ ಹೆಚ್ಚು.

ಇನ್ನು ಬೆಂಗಳೂರಿನವರ ಬೆಲೆಯ ವಿಷಯ. ಅವರು ಪೆಟ್ಟಿಗೆಯ ಮರವನ್ನು ತಟ್ಟಿ ನೋಡಿದರು, ಒಳಗಿನ ಮುದ್ರೆಯನ್ನು ದೀಪ ಹಿಡಿದು ಓದಿದರು, ಚಿತ್ರ ತೆಗೆದುಕೊಂಡರು. ನುಡಿಸಿ ತೋರಿಸಿ ಎಂದು ಕೇಳಲಿಲ್ಲ. ಹಳೆಯದೆಂಬುದೇ ಅವರಿಗೆ ಗುಣ. ಈ ಆಸೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ನೇಥನ್ ಡೇನಿಯಲ್ ಎಂಬವರು 1947ರಲ್ಲಿ ಡ್ಯಾನೆಲೆಕ್ಟ್ರೋ ಎಂಬ ಕಾರ್ಖಾನೆ ತೆರೆದು, ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯಿಂದ ಅಗ್ಗದ ವಿದ್ಯುತ್ ಗಿಟಾರುಗಳನ್ನು ತಯಾರಿಸಿದರು. ತಂತಿಯ ಕಂಪನವನ್ನು ಹಿಡಿಯುವ ಸುರುಳಿಯನ್ನು ಅವರು ತುಟಿರಂಗಿನ ಕೊಳವೆಯೊಳಗೆ ಇಟ್ಟರು! ಸಿಯರ್ಸ್ ಅಂಗಡಿಯವರು ಸಿಲ್ವರ್‌ಟೋನ್ ಎಂಬ ಹೆಸರಿನಲ್ಲಿ ಅವನ್ನು ಅಂಚೆಯ ಮೂಲಕ ಬಡ ಹುಡುಗರಿಗೆ ಮಾರಿದರು. 1960ರ ದಶಕದ ಆರಂಭದ ಒಂದು ಮಾದರಿಯಲ್ಲಿ ಗಿಟಾರಿನ ಪೆಟ್ಟಿಗೆಯ ಮುಚ್ಚಳದಲ್ಲೇ ಧ್ವನಿವರ್ಧಕವನ್ನು ಕೂಡಿಸಿದ್ದರು. ಹೆಸರಾಂತ ಫೆಂಡರ್, ಗಿಬ್ಸನ್‌ಗಳ ಮುಂದೆ ಇವಕ್ಕೆ ಮರ್ಯಾದೆಯಿರಲಿಲ್ಲ. ಇಂದು ಅವನ್ನೇ ಹುಡುಕಿ, ಈ ಮಾದರಿ ಮೇಲೋ ಆ ಮಾದರಿ ಮೇಲೋ ಎಂದು ತೂಗಿ, ಅಕ್ಕರೆಯಿಂದ ಕೊಳ್ಳುವವರಿದ್ದಾರೆ.

ಒಂದು ಕಾಲದಲ್ಲಿ ಕೀಳು, ಇನ್ನೊಂದು ಕಾಲದಲ್ಲಿ ಮೇಲು. ನಡುವೆ ಆ ಹಲಗೆಯಾಗಲಿ ತಂತಿಯಾಗಲಿ ಬದಲಾಗಲಿಲ್ಲ. ಹಾಗಾದರೆ ಬದಲಾದುದು ಯಾವುದು? ಕೊಳ್ಳುವವನ ಆಸೆಯೇ ಬೆಲೆಯೆಂದು ಹೇಳಿ ಮುಗಿಸಬಹುದು; ಸಂತೆಯ ದಲ್ಲಾಳಿಗೆ ಅಷ್ಟು ತತ್ತ್ವ ಸಾಕು. ಆದರೆ ಹಾಗೆ ಮುಗಿಸಿದರೆ ಒಂದು ವಸ್ತುವಿಗೆ ತಕ್ಕ ಮರ್ಯಾದೆ ಸಿಗಲಿಲ್ಲವೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ತಕ್ಕ ಮರ್ಯಾದೆ ಎಂದೊಡನೆ, ಜನರ ಎಣಿಕೆಯ ಹೊರಗೆ ಆ ವಸ್ತುವಿನಲ್ಲೇ ಒಂದು ಯೋಗ್ಯತೆಯಿದೆಯೆಂದು ಒಪ್ಪಿದಂತಾಯಿತು. ಆ ಯೋಗ್ಯತೆಯನ್ನು ನೋಡುವ ಕಣ್ಣು ಯಾವುದೆಂಬುದೇ ಪ್ರಶ್ನೆ. ರೇಡಿಯೋದವರು ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ನೋಡಿದರು. ಬೆಂಗಳೂರಿನವರು ಅದರ ವಯಸ್ಸನ್ನು ನೋಡಿದರು. ನಾನು ಆರು ವಿಷಯಗಳನ್ನು ನೋಡಿ ಕೂಡಿದೆ.

ಈ ಕೂಡುವಿಕೆಯೇ ನನ್ನ ತಪ್ಪಿನ ಬೇರೆಂದು ನನಗೆ ಕಾಣುತ್ತದೆ. ನಾದಕ್ಕೆ ಎಂಟು, ಮೆರುಗಿಗೆ ಒಂಬತ್ತು, ಒಟ್ಟು ಹದಿನೇಳು! ಸೇರು ರಾಗಿಯನ್ನೂ ಗಜ ಬಟ್ಟೆಯನ್ನೂ ಕೂಡಿದರೆ ಏನು ಬರುತ್ತದೆ? ನಾವು ಶಾಲೆಯಲ್ಲಿ ಇದನ್ನು ವರ್ಷಕ್ಕೆ ಮೂರು ಸಲ ಮಾಡುತ್ತೇವೆ. ಮೊತ್ತದ ಕೆಳಗೆ ಎರಡು ಗೆರೆ ಎಳೆದೊಡನೆ ಅದು ಸತ್ಯವೆಂದು ತೋರುತ್ತದೆ. ಸಹೋದ್ಯೋಗಿಗಳು ಕೋಪಿಸಿಕೊಳ್ಳಬಾರದು. ಅಂಕಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಅವಿಲ್ಲದೆ ಇಲಾಖೆಯವರಿಗೆ ಉತ್ತರ ಕೊಡುವುದು ಹೇಗೆ?

ನಮ್ಮ ನೈಯಾಯಿಕರು ಹೋಲಿಕೆಯನ್ನು ಉಪಮಾನವೆಂದು ಕರೆದು, ಪ್ರತ್ಯಕ್ಷ ಅನುಮಾನ ಶಬ್ದಗಳ ಜೊತೆಗೆ ಪ್ರಮಾಣಗಳಲ್ಲಿ ಸೇರಿಸಿದರು. ಅವರ ಉದಾಹರಣೆ ಪ್ರಸಿದ್ಧವಾದುದು. ಗವಯವೆಂಬ ಮೃಗವನ್ನು ಕಾಣದ ಊರಿನವನಿಗೆ, ಅದು ಹಸುವಿನ ಹಾಗಿರುತ್ತದೆಂದು ಕಾಡಿನವನೊಬ್ಬ ಹೇಳುತ್ತಾನೆ. ಮುಂದೆ ಕಾಡಿಗೆ ಹೋದಾಗ ಹಸುವಿನಂಥ ಪ್ರಾಣಿಯನ್ನು ಕಂಡು, ಇದೇ ಗವಯವೆಂದು ಇವನು ಗುರುತಿಸುತ್ತಾನೆ. ಇಲ್ಲಿ ಹೋಲಿಕೆಯ ಕೆಲಸ ಗುರುತಿಸುವುದು. ಗವಯ ಎಷ್ಟು ಸೇರು ಹಾಲು ಕೊಡುತ್ತದೆ, ಹಸುವಿಗಿಂತ ಅದು ಕೀಳೋ ಮೇಲೋ ಎಂದು ಆ ಊರಿನವನು ಕೇಳಲಿಲ್ಲ. ತಿಳಿದದ್ದರ ಬೆಳಕಿನಿಂದ ತಿಳಿಯದ್ದನ್ನು ಕಾಣುವುದಕ್ಕೆ ಇದ್ದ ದೀಪವನ್ನು ನಾವು ಕೋಲು ಮಾಡಿಕೊಂಡೆವು.

ಮಾರನೆಯ ದಿನ ಶನಿವಾರ. ಹಾಳೆಯಿಲ್ಲದೆ ಹೋಗಿ ಭಜನೆಮನೆಯ ಮೂಲೆಯಲ್ಲಿ ಕುಳಿತೆ. ಸಣ್ಣ ಪೆಟ್ಟಿಗೆಯನ್ನು ನುಡಿಸುತ್ತಿದ್ದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಮೆರುಗಿನ ಪೆಟ್ಟಿಗೆಯನ್ನು ಏಕೆ ತೆಗೆದುಕೊಳ್ಳಲಿಲ್ಲವೆಂದು ಕೇಳಿದೆ. "ಅದು ಮಳೆಗಾಲದಲ್ಲಿ ಸರಿಯೋದಿಲ್ಲ ತಾತ, ಮರ ಊದಿಕೊಂಡು ಹಿಡಕೊಳ್ಳುತ್ತೆ. ಎತ್ತೋಕೂ ಆಗಲ್ಲ. ಮತ್ತೆ ಅದನ್ನು ಬಾರಿಸಿದ್ರೆ ಅಜ್ಜಿ ಹಾಡೋದು ಕೇಳಿಸೋದೇ ಇಲ್ಲ" ಎಂದಳು. ಮೂರು ಸಾಲು ರೀಡಿನ ಗದ್ದಲದಲ್ಲಿ ಎಪ್ಪತ್ತು ವರ್ಷದ ಮುದುಕಿಯ ಕಂಠ ಮುಳುಗುತ್ತದೆ. ಒಂದು ಸಾಲಿನದರ ಮೇಲೆ ಅದು ತೇಲುತ್ತದೆ. ನಾನು ನಾದಕ್ಕೆ ಅಂಕ ಕೊಟ್ಟದ್ದು ಯಾರೂ ಹಾಡದಿದ್ದಾಗ, ಖಾಲಿ ಮನೆಯಲ್ಲಿ ಒಬ್ಬನೇ ಕುಳಿತು! ಹಾಡುವವರಿಗಾಗಿ ಇರುವ ವಾದ್ಯವನ್ನು ಹಾಡಿಲ್ಲದೆ ಪರೀಕ್ಷಿಸಿದ್ದೆ. ಬೆಳಗಾವಿಯ ರಾಮಭಾವು ಬಿಜಾಪುರೆಯವರು 2010ರಲ್ಲಿ ತೀರಿಕೊಳ್ಳುವ ತನಕ ದೊಡ್ಡ ದೊಡ್ಡ ಗಾಯಕರಿಗೆ ಇದೇ ವಾದ್ಯದಿಂದ ಸಂಗಡ ಕೊಟ್ಟವರು. ತನಿಯಾಗಿ ನುಡಿಸಿಯೂ ಮನ್ನಣೆ ಪಡೆದವರು. ಅವರಂಥವರ ಕೈಯಲ್ಲಿ ಇದು ಏನಾಗಬಲ್ಲದೆಂಬುದು ಬೇರೆ ಮಾತು. ನಮ್ಮಲ್ಲಿ ಅದರ ಕೆಲಸ ಅಜ್ಜಿಯ ಕೆಳಗೆ ಹಿಡಿದ ಕೈಯಂತೆ ಇರುವುದು.

ಇಷ್ಟು ತಿಳಿದ ಮೇಲೆ ನನ್ನಲ್ಲಿ ಇನ್ನೊಂದು ಅಪಾಯ ತಲೆಯೆತ್ತಿತು. ಹಿಂದೆ ಅವಮಾನಿಸಿದ ಪೆಟ್ಟಿಗೆಯನ್ನು ಈಗ ಹೊಗಳಿ ಋಣ ತೀರಿಸಿಕೊಳ್ಳುವ ಆಸೆ. ಕಾಲುಪೆಟ್ಟಿಗೆಯನ್ನು ಯಾವ ಬೆಲೆಗೂ ಮಾರಕೂಡದು, ಅದು ಊರಿನ ಸ್ವತ್ತು, ಸಂಸ್ಕೃತಿಯ ಸ್ಮಾರಕ ಎಂದೆಲ್ಲ ಭಾಷಣವೊಂದು ಮನಸ್ಸಿನಲ್ಲಿ ಸಿದ್ಧವಾಗತೊಡಗಿತು. ಆ ಭಾಷಣದಲ್ಲಿ ಪೆಟ್ಟಿಗೆಗಿಂತ ನಾನೇ ಹೆಚ್ಚಾಗಿದ್ದೆ. ತುಚ್ಛೀಕರಿಸುವಾಗ ವಸ್ತುವನ್ನು ನೋಡದ ಕಣ್ಣು, ಪಶ್ಚಾತ್ತಾಪದಿಂದ ಹೊಗಳುವಾಗಲೂ ಅದನ್ನು ನೋಡುವುದಿಲ್ಲ. ನೋಡಿದರೆ ಕಾಣುವುದಿಷ್ಟು: ತೊಗಲು ಹರಿದಿದೆ, ಹೊಸ ತೊಗಲು ಹಾಕಬಲ್ಲವರು ಹತ್ತಿರದಲ್ಲಿಲ್ಲ, ಕಾಲಿನಿಂದ ಒತ್ತಿ ಎರಡು ಕೈಗಳಲ್ಲಿ ನುಡಿಸಬಲ್ಲವರು ಊರಿನಲ್ಲಿ ಒಬ್ಬರೂ ಇಲ್ಲ. ಈಗ ನಾಟಕಕ್ಕೆ ಹೊರಗಿನಿಂದ ಬರುವವರು ವಿದ್ಯುತ್ ಕೀಬೋರ್ಡು ತರುತ್ತಾರೆ.

ಸಭೆ ಸೇರುವ ಮುನ್ನ ಮೇಷ್ಟರ ಮಗಳನ್ನು ನೋಡಿ ಬಂದೆ. ನನಗಿಂತ ಕೆಲವೇ ವರ್ಷ ಚಿಕ್ಕವರು. ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಮಾರುವ ವಿಷಯ ಹೇಳಿದೆ. "ಅಪ್ಪ ಮಾರಬೇಡಿ ಅಂತ ಹೇಳಿರಲಿಲ್ಲ ಅಣ್ಣ. ನೆನೆಯೋದಕ್ಕೆ ಬಿಡಬೇಡಿ ಅಂತ ಮಾತ್ರ ಹೇಳ್ತಿದ್ದರು" ಎಂದರು. ಆಮೇಲೆ, ಕೇಳಬೇಕೆಂದು ಹೋಗದಿದ್ದರೂ, 1969ರ ಆ ಸಂಜೆಯನ್ನು ಹೇಳಿಕೊಂಡೆ. 1971ರ ಸುದ್ದಿಯನ್ನು ಮುಚ್ಚಿಟ್ಟದ್ದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪನಿಗೆ ಗೊತ್ತಿತ್ತು. ಯಾರೋ ಆನೇಕಲ್ಲಿನವರು ಹೇಳಿದ್ದರು. ಇಸ್ಕೂಲ್ ಮೇಷ್ಟ್ರು ಬಂದು ಹೇಳ್ತಾರೇನೋ ಅಂತ ಎರಡು ದಿನ ಕಾದಿದ್ದರು" ಎಂದರು. ಮಜ್ಜಿಗೆಯ ಲೋಟ ನನ್ನ ಕೈಯಲ್ಲಿಯೇ ಉಳಿಯಿತು.

ಸಭೆಯಲ್ಲಿ ಅಂಕಪಟ್ಟಿಯನ್ನು ಓದಲಿಲ್ಲ. ಕಾಲುಪೆಟ್ಟಿಗೆಯನ್ನು ಕೊಡುವುದಕ್ಕೆ ನನ್ನ ಒಪ್ಪಿಗೆಯನ್ನು ಹೇಳಿದೆ. ಕೊಳ್ಳುವವರು ಅದರ ತೊಗಲು ಹೊಲಿಸಿ ನುಡಿಯುವಂತೆ ಮಾಡಬೇಕೆಂಬ ಷರತ್ತನ್ನು ಬರೆಸಿಕೊಳ್ಳಬೇಕೆಂದೂ, ಅದನ್ನು ಕೊಟ್ಟವರ ಹೆಸರನ್ನು ಅವರಿಗೆ ತಿಳಿಸಬೇಕೆಂದೂ ಕೇಳಿದೆ. ಬೆಂಗಳೂರಿನವರು ಎರಡಕ್ಕೂ ಒಪ್ಪಿದರು. ಹೊಲಿಸಿದರೋ ಇಲ್ಲವೋ ಹೋಗಿ ನೋಡಿಲ್ಲ. ಸೂರಿಗೆ ಹೊಸ ತೊಲೆಗಳು ಬಿದ್ದು ಹೆಂಚು ಹೊದಿಸಿದ್ದಾಯಿತು. ಮುಂಗಾರಿನ ಮೊದಲ ವಾರ ನಾಲ್ಕು ದಿನ ಬಿಡದೆ ಹೊಡೆಯಿತು. ಶನಿವಾರ ಹೋದಾಗ ನೆಲ ಒಣಗಿತ್ತು. ಮೂಲೆಯಲ್ಲಿ ಕಾಲುಪೆಟ್ಟಿಗೆ ನಿಂತಿದ್ದ ಕಡೆ ಅದರ ಪಾದಗಳ ನಾಲ್ಕು ಗುರುತುಗಳು ಹಾಗೇ ಇದ್ದವು. 'ದೊಡ್ಡದು' ಎಂದು ಹುಡುಗಿ ಕರೆಯುವ ಮೆರುಗಿನ ಪೆಟ್ಟಿಗೆಯ ಮನೆಗಳು ಅವಳು ಹೇಳಿದಂತೆಯೇ ಬಿಗಿದುಕೊಂಡಿದ್ದವು.

ಅಂಕದ ಹಾಳೆ ಇನ್ನೂ ನನ್ನ ಬಳಿಯಿದೆ. ಸಣ್ಣ ಪೆಟ್ಟಿಗೆಯ ಸಾಲನ್ನು ಹೊಡೆದುಹಾಕಿದ್ದೇನೆ. ಬೇರೆ ಅಂಕ ಬರೆದಿಲ್ಲ.